ಭದ್ರಮ್ಮ ಮಲ್ಪೆಗೆ ಹೋದದ್ದು

ಸಮುದ್ರದ ವಿಚಾರ ಏನೇ ಇದ್ದರೂ ಮಾಕಳಿಯಲ್ಲಿ ಭದ್ರಮ್ಮನನ್ನೇ ಕೇಳಬೇಕು. ಹಾಗಂತ ಯಾರೂ ಡಂಗುರ ಸಾರಿರಲಿಲ್ಲ, ಭದ್ರಮ್ಮನೇ ತೀರ್ಮಾನ ಮಾಡಿಕೊಂಡಿದ್ದಳು. ಬೋರಿನ ಮುಂದೆ ಕೊಡ ಇಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳೆಂದರೆ ಸರದಿಯಲ್ಲಿದ್ದ ಹೆಂಗಸರು ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ತಿರುಗಿ ನೋಡುತ್ತಿರಲಿಲ್ಲ.

“ನಮ್ಮೂರ್ ಕೆರೆಯಂತವು ಸಾವ್ರ ಸೇರುಸ್ರಿ, ಆದ್ರೂ ಸಾಲ್ದು! ಆಚೆ ದಡವೇ ಕಾಣಾಕಿಲ್ಲ. ಬೆಳಿಗ್ಗೆ ಎದ್ದು ನೋಡುದ್ರೆ ಸೂರ್ಯ ನೀರೊಳಗಿಂದ ಎದ್ದು ಬತ್ತಾನೆ, ಅರಿಶಿನದ ನೀರು ಉಯ್ಕಂಡ ಮದುಮಗನಂಗೆ!”

ಇಷ್ಟೆಲ್ಲ ಹೇಳುವ ಭದ್ರಮ್ಮ ಸಮುದ್ರ ನೋಡಿದ್ದಳೇ? ಎಲ್ಲಿ ಬಂತು! ಅವಳು ಬಲು ದೂರ ಹೋಗಿದ್ದೆಂದರೆ ಕುಣಿಗಲ್ಲು, ಅದೂ ತಂಗಿಯ ಬಾಣಂತನಕ್ಕೆ. ಸಮುದ್ರ ನೋಡಿ ಬರುತ್ತಿದ್ದವನು ಅವಳ ಗಂಡ ಗೋಪಾಲಪ್ಪ. ಅವನು ಮನೆಯಲ್ಲಿ ಹೇಳಿದ್ದನ್ನು ಅವಳು ಬೋರಿನ ಹತ್ತಿರ ಇನ್ನಷ್ಟು ಒಗ್ಗರಣೆ ಹಾಕಿ ಹೇಳುತ್ತಿದ್ದಳು.

ಹೊಲ ಕಾರ್ಖಾನೆಯ ಪಾಲಾದಾಗ ಗೋಪಾಲಪ್ಪನ ಅಣ್ಣತಮ್ಮಂದಿರು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರು. ಇವನು ಒಂದು ಹಳೆಯ ಮಟಾಡೋರ್ ವ್ಯಾನು ತಂದು ತಾನೇ ಓಡಿಸತೊಡಗಿದ. ಪೀಣ್ಯದ ಕಾರ್ಖಾನೆಗಳ ಸಂಸಾರಸ್ಥರು ಬೇಸಿಗೆ ರಜಕ್ಕೆ ಉಡುಪಿ, ಮಲ್ಪೆ ಎಂದು ಅದನ್ನೇ ಗೊತ್ತು ಮಾಡುತ್ತಿದ್ದರು. ಶನಿವಾರ ರಾತ್ರಿ ಹೊರಟರೆ ಬೆಳಿಗ್ಗೆ ಉಡುಪಿ ಕೃಷ್ಣನ ದರ್ಶನ, ಮಧ್ಯಾಹ್ನದ ಮೇಲೆ ಮಲ್ಪೆಯ ಸಮುದ್ರ. ಸಂಜೆ ಹೊರಟು ಮತ್ತೆ ರಾತ್ರಿಯಿಡೀ ಓಡಿಸಿ, ಸೋಮವಾರ ಕೆಲಸದ ಹೊತ್ತಿಗೆ ಎಲ್ಲರನ್ನೂ ತಂದು ಇಳಿಸಬೇಕು. ಪೀಣ್ಯದಲ್ಲಿ ಸೂಪರ್‌ವೈಸರ್ ಆಗಿದ್ದ ಕೃಷ್ಣಸ್ವಾಮಿಯವರಂತೂ ವ್ಯಾನು ಬಂದ ವರ್ಷದಿಂದ ಒಂದು ಬೇಸಿಗೆಯನ್ನೂ ತಪ್ಪಿಸಿರಲಿಲ್ಲ.

ಬಂದಾಗಲೆಲ್ಲ ಗೋಪಾಲಪ್ಪ ಹೇಳುತ್ತಿದ್ದ, “ಮುಂದಿನ್ ಬ್ಯಾಸ್ಗೆಗೆ ನಿನ್ನ ಕರ್ಕಂಡೋಗಿ, ಪಕ್ಕದಾಗೆ ನಿಂತ್ಕಂಡು ನಾನೇ ತೋರುಸ್ತೀನಿ ಕಣಮ್ಮಿ.”

ಬರೀ ಸಮುದ್ರ ನೋಡುವ ಆಸೆಯಾಗಿದ್ದರೆ ಭದ್ರಮ್ಮ ಯಾರ ಜೊತೆಗಾದರೂ ಹೋಗಿ ಬರುತ್ತಿದ್ದಳು, ಅವಳೇನು ಅಂಜುವ ಪೈಕಿಯಲ್ಲ. ಅವಳಿಗೆ ಬೇಕಾಗಿದ್ದು ಗಂಡ ಪಕ್ಕದಲ್ಲಿ ನಿಂತು ತೋರಿಸುವುದು. ಮದುವೆಯಾದಾಗಿನಿಂದ ಇಬ್ಬರೂ ಜೊತೆಯಾಗಿ ನಿಂತು ನೋಡಿದ್ದೆಂದರೆ ಪೈರು ತುಂಬಿದ ರಾಗಿ ಹೊಲ ಒಂದೇ. ಈಗ ಆ ಹೊಲವೂ ಇರಲಿಲ್ಲ.

ಎಂಬತ್ತೆರಡರ ಮೇ ತಿಂಗಳಲ್ಲಿ ಕೃಷ್ಣಸ್ವಾಮಿಯವರ ತಾಯಿಗೆ ಮಂಡಿ ನೋವು ಬಂದು ವ್ಯಾನಿನಲ್ಲಿ ಒಂದು ಸೀಟು ಉಳಿಯಿತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಭದ್ರಮ್ಮ ಮದುವೆಗೆ ಉಡುವ ಸೀರೆ ತೆಗೆದು ಗಾಳಿಗೆ ಹರವಿದಳು.

“ಆ ಸೀಟು ನಂದು,” ಎಂದಳು.

ಗೋಪಾಲಪ್ಪ ತಲೆ ಕೆರೆದುಕೊಂಡ. “ಈಗ್ಲೇ ಯಾಕಮ್ಮಿ? ಬಿಸ್ಲು ಜಾಸ್ತಿ ಈ ಸಲ.”

“ಬಿಸ್ಲಿಗೆ ನಾನೇನು ಬೆಣ್ಣೆನಾ ಕರ್ಗೋಕೆ?”

ಆ ಶನಿವಾರ ರಾತ್ರಿ ಘಾಟಿಯ ತಿರುವುಗಳಲ್ಲಿ ಹಿಂದಿನ ಸೀಟಿನವರೆಲ್ಲ ಒಬ್ಬರ ಮೇಲೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದರು. ಭದ್ರಮ್ಮ ಮಾತ್ರ ನಿದ್ದೆ ಮಾಡಲಿಲ್ಲ. ಗಂಡನ ಕುತ್ತಿಗೆ ಆಚೀಚೆ ಅಲುಗದೆ ಸೆಟೆದು ನಿಂತದ್ದನ್ನೇ ನೋಡುತ್ತಾ ಕೂತಿದ್ದಳು. ಇಷ್ಟು ಕಷ್ಟದ ಕೆಲಸ ಅಂತ ಈ ಮನುಷ್ಯ ಒಂದು ದಿನಕ್ಕೂ ಬಾಯಿ ಬಿಟ್ಟಿರಲಿಲ್ಲವಲ್ಲ!

ಉಡುಪಿಯಲ್ಲಿ ದರ್ಶನ, ಊಟ ಎಲ್ಲ ಆಯಿತು. ಗೋಪಾಲಪ್ಪ ಗಂಟುಮೂಟೆ ಕಾಯುತ್ತಾ, ಎಂಜಿನ್ನಿಗೆ ನೀರು ಹಾಕುತ್ತಾ ವ್ಯಾನಿನ ಹತ್ತಿರವೇ ಉಳಿದ. ಮಲ್ಪೆಗೆ ಬಂದು ತೆಂಗಿನ ಮರಗಳ ನೆರಳಿಗೆ ಗಾಡಿ ನಿಲ್ಲಿಸಿದ್ದೇ, ಗೋಣಿತಾಟು ತೆಗೆದು ಕೆಳಗೆ ಹಾಸಿಬಿಟ್ಟ. ಎದುರಿಗೆ ಮರಳ ದಿಬ್ಬ. ಸಮುದ್ರ ಅದರ ಆಚೆ, ಬರೀ ಸದ್ದು ಕೇಳುತ್ತಿತ್ತು.

“ನೀನು ಅಮ್ಮಾರ ಜೊತೆ ಓಗಿ ಬಾ. ನಾನು ಬೇಕಾದಷ್ಟು ನೋಡಿವ್ನಿ.”

ಭದ್ರಮ್ಮ ಗೋಣಿತಾಟಿನ ಅಂಚಿಗೆ ಬಂದು ನಿಂತಳು. “ಪಕ್ಕದಾಗೆ ನಿಂತ್ಕಂಡು ತೋರುಸ್ತೀನಿ ಅಂದಿದ್ರಿ!”

“ರಾತ್ರಿ ಪೂರ್ತಿ ಓಡುಸ್ಬೇಕಲ್ಲಮ್ಮಿ,” ಎಂದವನು ಟವಲನ್ನು ಮುಖದ ಮೇಲೆ ಎಳೆದುಕೊಂಡ.

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಎಲ್ಲರ ಮುಂದೆ ಜಗಳ ತೆಗೆಯುವುದು ಬೇಡವೆಂದು ಕೃಷ್ಣಸ್ವಾಮಿಯವರ ಹೆಂಡತಿ ಸುಬ್ಬಲಕ್ಷ್ಮಿಯ ಹಿಂದೆ ದಿಬ್ಬ ಹತ್ತಿದಳು.

ಹತ್ತಿದವಳು ಅಲ್ಲೇ ನಿಂತಳು. ಅಬ್ಬಬ್ಬಾ! ಕೆರೆ ಗಿರೆ ಅಂದದ್ದೆಲ್ಲ ಸುಳ್ಳು. ಇದಕ್ಕೆ ಹೋಲಿಸಲು ಮಾಕಳಿಯಲ್ಲಿ ಏನೂ ಇರಲಿಲ್ಲ. ಸೀರೆ ನೆನೆಯುತ್ತದೆಂಬ ಪರಿವೆಯೂ ಇಲ್ಲದೆ ಇಳಿದು ಹೋಗಿ ಮೊಣಕಾಲವರೆಗೆ ನೀರಲ್ಲಿ ನಿಂತಳು. ಅಲೆ ಬಂದಾಗ ಸುಬ್ಬಲಕ್ಷ್ಮಿ ಕಿರುಚಿಕೊಂಡು ಹಿಂದಕ್ಕೆ ಓಡಿದರೂ ಭದ್ರಮ್ಮ ಕದಲಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬಿಸಿಲು ನೇರ ಮುಖಕ್ಕೆ ಹೊಡೆದು ಕಣ್ಣಿಗೆ ಕೈ ಅಡ್ಡ ಹಿಡಿದಳು. ಸಂಜೆಯ ಬಿಸಿಲು. ಸೂರ್ಯ ನೀರಿನ ಕಡೆಗೇ ಇಳಿಯುತ್ತಿದ್ದ. ಹೊಲದಲ್ಲಿ ಬೆಳೆದ ಹೆಣ್ಣಿಗೆ ಮೂಡಲು ಯಾವುದು, ಪಡುವಲು ಯಾವುದು ಅಂತ ಯಾರೂ ಹೇಳಿಕೊಡಬೇಕಿಲ್ಲ.

“ಅಮ್ಮಾ, ಬೆಳಿಗ್ಗೆ ಸೂರ್ಯ ಇಲ್ಲಿ ನೀರೊಳಗಿಂದ ಏಳ್ತಾನಾ?”

ಸುಬ್ಬಲಕ್ಷ್ಮಿ ನಕ್ಕರು. “ಇಲ್ಲೆಲ್ಲಿ ಏಳ್ತಾನೆ ಭದ್ರಮ್ಮ? ಇಲ್ಲಿ ಮುಳುಗೋದು. ಏಳೋದು ನೋಡ್ಬೇಕು ಅಂದ್ರೆ ಮದ್ರಾಸಿಗೆ ಹೋಗ್ಬೇಕು. ನಮ್ಮಣ್ಣನ ಮನೆಗೆ ಹೋದಾಗ ನೋಡಿದೀನಿ. ಅರಿಶಿನದ ನೀರು ಹಾಕ್ಕೊಂಡ ಮದುಮಗನ ಹಾಗೆ ಬರ್ತಾನೆ ಕಣ್ರೀ! ಪ್ರತಿ ವರ್ಷ ಗಾಡೀಲಿ ಇದನ್ನೇ ಹೇಳಿ ಹೇಳಿ ಇವರ ಹತ್ರ ಬೈಸ್ಕೋತೀನಿ.”

ಅರಿಶಿನದ ನೀರು, ಮದುಮಗ. ಬೋರಿನ ಮುಂದೆ ವರ್ಷಗಟ್ಟಲೆ ತಾನು ಹೇಳಿಕೊಂಡು ಮೆರೆದದ್ದು ಅದೇ ಮಾತು!

ಭದ್ರಮ್ಮನಿಗೆ ಎಲ್ಲ ತಿಳಿದುಹೋಯಿತು. ಗೋಪಾಲಪ್ಪ ಸಮುದ್ರ ನೋಡೇ ಇಲ್ಲ. ಪ್ರತಿ ಬೇಸಿಗೆಯೂ ಇಷ್ಟು ದೂರ ಬಂದು, ಈ ದಿಬ್ಬದ ಹಿಂದೆ ಮಲಗಿ, ಹೊರಡುವ ಹೊತ್ತಿಗೆ ಯಾರೋ ಎಬ್ಬಿಸಿದರೆ ಎದ್ದು ನೇರ ಸ್ಟೇರಿಂಗ್ ಹಿಡಿದು ಹೋಗಿದ್ದಾನೆ. ಸಮುದ್ರ ಹೇಗಿತ್ತು ಅಂತ ಅವಳು ಕೇಳಿದಾಗ ನಿದ್ದೆ ಹೊಡೆದು ಬಂದೆ ಅನ್ನಲಾಗದೆ, ಗಾಡಿಯಲ್ಲಿ ಕೂತವರ ಮಾತು ಹೆಕ್ಕಿ ತಂದು ಕೊಟ್ಟಿದ್ದಾನೆ.

ದಾಪುಗಾಲು ಹಾಕುತ್ತಾ ವಾಪಸ್ಸು ಬಂದಳು. ಅಲುಗಾಡಿಸಿ ಎಬ್ಬಿಸಿ, ಮಾನ ಕಳೀಬೇಕು ಅಂತಲೇ ಬಂದಳು. ಗೋಪಾಲಪ್ಪ ಬಾಯಿ ತೆರೆದುಕೊಂಡು ಮಲಗಿದ್ದ. ಕ್ಲಚ್ಚು ತುಳಿಯುವ ಎಡಗಾಲು ನಿದ್ದೆಯಲ್ಲೂ ಆಗಾಗ ಒತ್ತುತ್ತಿತ್ತು. ಆ ಕಾಲನ್ನು ನೋಡಿ ಅವಳ ಸಿಟ್ಟು ಇಳಿದುಹೋಯಿತು. ಪಕ್ಕದಲ್ಲಿ ಕೂತು ಸೆರಗಿನಿಂದ ನೊಣ ಓಡಿಸಿದಳು. ಗಲಾಟೆ ಮಾಡುತ್ತಾ ಬಂದ ಮಕ್ಕಳನ್ನು ಗದರಿಸಿ ಆಚೆ ಕಳಿಸಿದಳು. ಹೊರಡುವ ಹೊತ್ತು ಹತ್ತಿರವಾದಾಗ ಅವನ ಜೇಬಿನಿಂದ ವ್ಯಾನಿನ ಕೀ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಕೃಷ್ಣಸ್ವಾಮಿ ಕಾಲಿನ ಮರಳು ಒದರಿಕೊಂಡು ಬಂದರು. “ಎಬ್ಬಿಸಮ್ಮ, ಹೊರಡೋಣ. ನಾಳೆ ಎಂಟಕ್ಕೆ ನಾನು ಕಾರ್ಡ್ ಪಂಚ್ ಮಾಡ್ಬೇಕು.”

“ಎಬ್ಬುಸ್ತೀನಿ ಸಾರ್. ಆದ್ರೆ ಗಾಡಿ ಇನ್ನೂ ವಸಿ ಒತ್ತು ಒರಡಾಕಿಲ್ಲ.”

“ಯಾಕೆ?”

“ನಮ್ಮ್ ಎಜಮಾನ್ರು ಸಮುದ್ರ ನೋಡ್ಬೇಕು.”

“ಅಲ್ಲಮ್ಮ, ನಮ್ಮ ಗೋಪಾಲಪ್ಪ ನೋಡದೇ ಇರೋ ಸಮುದ್ರವಾ? ಪ್ರತಿ ವರ್ಷ ನಮ್ಮ ಜೊತೆಗೇ ಬರ್ತಾನೆ.”

“ಬತ್ತಾರೆ. ನೀವು ನೋಡ್ಕಂಡು ಬರೋಗಂಟ ಇಲ್ಲೇ ಬಿದ್ಕಂಡು ಕಾಯ್ತಾರೆ. ಇವತ್ತೊಂದಿನ ನೀವು ಕಾಯ್ರಿ ಸಾರ್.”

ಕೃಷ್ಣಸ್ವಾಮಿ ಮತ್ತೇನೋ ಹೇಳಲು ಹೊರಟರು. ಅಷ್ಟರಲ್ಲಿ ಸುಬ್ಬಲಕ್ಷ್ಮಿ ವ್ಯಾನಿನೊಳಗಿಂದ, “ಸುಮ್ನೆ ಬಂದು ಕೂತ್ಕೊಳ್ರೀ! ಹೋಗಿ ಬರ್ಲಿ ಪಾಪ,” ಎಂದರು. ಸೂಪರ್‌ವೈಸರ್ ಸಾಹೇಬರು ತೆಪ್ಪಗೆ ಹತ್ತಿ ಕೂತರು.

ಎಬ್ಬಿಸಿದ ಕೂಡಲೇ ಗೋಪಾಲಪ್ಪ ಅಭ್ಯಾಸದಂತೆ ಜೇಬು ತಡವಿದ. ಕೀ ಇರಲಿಲ್ಲ.

“ನನ್ ತಾವ ಐತೆ. ಬರ್ರಿ ಇಂಗೆ,” ಎಂದು ಅವನ ಕೈ ಹಿಡಿದು ದಿಬ್ಬ ಹತ್ತಿಸಿ, ಆಚೆ ನೀರಿನ ಅಂಚಿಗೆ ಇಳಿಸಿದಳು.

ಸೂರ್ಯ ಆಗ ನೀರು ಮುಟ್ಟುತ್ತಿದ್ದ. ಕೆಂಪು ಬೆಳಕು ಅಲೆಯ ಮೇಲೆ ಅವರ ಕಾಲ ಬುಡದವರೆಗೂ ಹಾಸಿತ್ತು. ಗೋಪಾಲಪ್ಪನ ಮುಖದಲ್ಲಿದ್ದ ನಿದ್ದೆಯೆಲ್ಲ ಹಾರಿಹೋಯಿತು. ಒಂದು ಅಲೆ ಬಂದು ಪಾದ ನೆನೆಸಿದಾಗ ಬೆಚ್ಚಿ ಹೆಂಡತಿಯ ರಟ್ಟೆ ಹಿಡಿದುಕೊಂಡ. ಅವಳು ಕಿಸಕ್ಕನೆ ನಕ್ಕಳು.

“ಮುಳುಗ್ತಾ ಅವ್ನೆ,” ಎಂದ, ಮೆಲ್ಲಗೆ. ಹಿಡಿದ ರಟ್ಟೆ ಬಿಡದೆ, “ಭದ್ರಿ, ನಾನು ನಿಂಗೆ ಇಷ್ಟ್ ವರ್ಸ…”

“ಸುಮ್ಕಿರ್ರಿ. ಈಗ ನೋಡಿ ಏಳ್ರಿ, ಎಂಗೈತೆ?”

ಗೋಪಾಲಪ್ಪ ಕಣ್ಣು ಕೀಳದೆ ನೋಡಿದ. ಆ ಕಣ್ಣಲ್ಲಿ ನೀರಿತ್ತು.

“ನಾನು ನಿಂಗೆ ಏಳ್ತಿದ್ದುದ್ದಕ್ಕಿಂತ ಚೆನ್ನಾಗೈತೆ ಕಣಮ್ಮಿ.”

ಸೂರ್ಯ ಪೂರ್ತಿ ಇಳಿಯುವವರೆಗೂ ಇಬ್ಬರೂ ಅಲ್ಲೇ ನಿಂತರು. ಆಮೇಲೆ ಭದ್ರಮ್ಮ ಗಂಟು ಬಿಚ್ಚಿ ಕೀ ಕೊಟ್ಟಳು. ಮಾರನೆಯ ದಿನ ಕೃಷ್ಣಸ್ವಾಮಿಯವರ ಕಾರ್ಡ್ ತಡವಾಗಿ ಪಂಚ್ ಆಯಿತಂತೆ, ಆಗಲಿ ಬಿಡಿ.

ಮುಂದಿನ ಬೇಸಿಗೆ ಮಲ್ಪೆಗೆ ಗಾಡಿ ಬೇಕೆಂದು ಬೇರೊಂದು ಕಾರ್ಖಾನೆಯ ಹನುಮಂತಯ್ಯ ಎಂಬುವರು ಮಾಕಳಿಗೆ ಬಂದರು. ಬಾಡಿಗೆ, ದಿನ ಎಲ್ಲ ಗೊತ್ತಾಗಿ ಅವರು ಏಳುವಾಗ ಒಳಗಿನಿಂದ ಭದ್ರಮ್ಮ ಬಂದು ಬಾಗಿಲಿಗೆ ನಿಂತಳು.

“ಒಂದ್ ಮಾತು ಸ್ವಾಮಿ. ಅಲ್ಲಿಂದ ಒರಡೋ ಮುಂಚೆ ನಮ್ಮ್ ಎಜಮಾನ್ರಿಗೆ ಒಂದ್ ಗಂಟೆ ಬಿಡ್ಬೇಕು. ಸಮುದ್ರ ನೋಡ್ತಾರೆ.”

ಹನುಮಂತಯ್ಯನವರಿಗೆ ನಗು ಬಂತು. “ಅಲ್ಲಮ್ಮ, ವರ್ಷ ವರ್ಷವೂ ಹೋಗೋರು, ಎಷ್ಟ್ ಸಲ ನೋಡಿರಲ್ಲ ಅವರು?”

“ಒಂದೇ ಸಲ ಸ್ವಾಮಿ,” ಎಂದಳು ಭದ್ರಮ್ಮ.