ಥಿನ್ನರ್ ನಾರುವ ಉಸಿರು

ಮರದ ಸಾಮಾನಿಗೆ ಪಾಲಿಶ್ ಹೊಡೆಯುವ ದಪ್ಪಣ್ಣ ತೂಕ ಇಳಿಸಲು ಡಾಕ್ಟರ ಮಾತು ಕೇಳಿ ಅನ್ನ, ಬ್ರೆಡ್ಡು, ಸಕ್ಕರೆಗೆ ಕೈಮುಗಿದಿದ್ದ. "ಮೈ ತನ್ನ ಕೊಬ್ಬನ್ನೇ ಉರಿಸೋಕೆ ಶುರುಮಾಡಿದ್ರೆ ಅದಕ್ಕೆ ಕೀಟೋಸಿಸ್ ಅಂತಾರೆ. ಆಗ ಕೆಲವರ ಉಸಿರು ನೀನು ಪಾಲಿಶ್‌ಗೆ ಬೆರೆಸೋ ಥಿನ್ನರ್ ಥರಾನೇ ನಾರುತ್ತೆ," ಅಂದಿದ್ದರು ಅವರು. ಹೇಳೋದೇನೋ ಸುಲಭ! ಅಂಗಿಯಿಂದ ತಲೆದಿಂಬಿನವರೆಗೆ ಥಿನ್ನರೇ ನಾರುವ ಮನೆಯಲ್ಲಿ ಉಸಿರೊಂದನ್ನೇ ಮೂಸಿ ನೋಡುವುದು ಹೇಗೆ?

ಕೊನೆಗೆ ಕೆಲಸಕ್ಕೆ ರಜೆ ಹಾಕಿ, ಚರ್ಮ ಸುಲಿಯುವ ಹಾಗೆ ಮೈಯುಜ್ಜಿ ಮಿಂದು, ಹೊಸ ಅಂಗಿ ತೊಟ್ಟು, ಹೆಂಡತಿಯನ್ನು ಅಂಗಳಕ್ಕೆ ಕರೆದು ಅವಳ ಮುಂದೆ 'ಹಾ' ಎಂದು ಉಸಿರುಬಿಟ್ಟ.

ಅವಳು ಮೂಗು ಮುಚ್ಚಿಕೊಂಡಳು. "ಥೂ, ಸ್ನಾನ ಮಾಡಿ ಮತ್ತೆ ಪಾಲಿಶ್‌ಗೆ ಕೈಹಾಕಿದ್ರಾ? ಥಿನ್ನರ್ ಗಬ್ಬು ನಾರ್ತಿದೀರಿ!"

ದಪ್ಪಣ್ಣನ ಮುಖ ಅರಳಿತು. ಇನ್ನಷ್ಟು ಹತ್ತಿರ ಸರಿದು ಅಂದ: "ಇನ್ನೊಂದ್ಸಲ ಬಯ್ಯೇ!"