ಜಬಲ್ ಅಖ್ದರಿಗೆ ಕೊರಿಯಾದ ಬಾದುಷಾ

ಶುಕ್ರವಾರ ಬೆಳಿಗ್ಗೆ ಮಸ್ಕತ್ತಿನ ದಾರ್ಸೈಟಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ಪಾಕ್ ಅವರ ಫೋರ್ ವೀಲ್ ಡ್ರೈವ್ ಬಂದು ನಿಂತಿತು. ಪಾಕ್ ಕೊರಿಯಾದ ಎಂಜಿನಿಯರ್, ಅಲ್ ಖುವೈರಿನ ಆಫೀಸಿನಲ್ಲಿ ನನ್ನ ಗಂಡ ದಿನಕರ ಅವರ ಸಹೋದ್ಯೋಗಿ. ಜಬಲ್ ಅಖ್ದರ್ ಬೆಟ್ಟಕ್ಕೆ ಸಾದಾ ಕಾರು ಬಿಡುವುದಿಲ್ಲ; ನಮ್ಮದು ಸಾದಾ ಕಾರು. ಹಾಗಾಗಿ ಗಾಡಿ ಅವರದು, ಪೆಟ್ರೋಲ್ ನಮ್ಮದು, ತಿಂಡಿ ಎರಡೂ ಮನೆಯದು ಎಂದು ಮಾತಾಗಿತ್ತು.

ನಾನು ಇಡ್ಲಿ ಕಟ್ಟಿಕೊಂಡಿದ್ದೆ. ಎಂಟನೇ ಕ್ಲಾಸಿನ ಮಗಳು ಅನ್ವಿತಾ ಡೋನಟ್, ಚಿಪ್ಸ್ ಹಿಡಿದು ಕೂತಿದ್ದಳು. ನನ್ನ ಕೈಚೀಲದಲ್ಲಿ ಸಕ್ಕರೆ ನೋಡುವ ಮೀಟರೂ ಇತ್ತು. ಇವರಿಗೆ ಡಯಾಬಿಟಿಸ್ ಶುರುವಾಗಿದೆ ಎಂದು ರೂವಿಯ ಡಾಕ್ಟರು ಮಾತ್ರೆ ಬರೆದುಕೊಟ್ಟು ಒಂದು ತಿಂಗಳಾಗಿತ್ತು. ಇವರು ಪೊಟ್ಟಣ ಬಿಡಿಸಿಯೂ ಇರಲಿಲ್ಲ. "ನನಗೆ ಎಂತದೂ ಇಲ್ಲ ಮಾರಾಯ್ತಿ. ಟೆಸ್ಟಿನ ಹಿಂದಿನ ದಿನ ಮದುವೆ ಊಟ ಮಾಡಿದ್ದೆ, ಅಷ್ಟೇ" ಎನ್ನುತ್ತಿದ್ದರು.

ನಿಜ್ವಾ ಹೆದ್ದಾರಿ ಸೇರಿದ ಮೇಲೆ ಪಾಕ್ ಅವರ ಹೆಂಡತಿ ಸುನ್‌ಹಿ ಮೂರು ಅಂತಸ್ತಿನ ಡಬ್ಬಿ ತೆರೆದರು. ಒಂದರಲ್ಲಿ ಪುರಿಯ ಚಿಕ್ಕಿ, ಇನ್ನೊಂದರಲ್ಲಿ ಸೋಯಾ ಹಿಟ್ಟು ಹೊರಳಿಸಿದ ಅಕ್ಕಿ ಕಡುಬು, ಮೇಲಿನದರಲ್ಲಿ ಹೂವಿನಾಕಾರದ ಕಂದು ಬಿಲ್ಲೆಗಳು. ಗೋಧಿ ಹಿಟ್ಟಿಗೆ ಎಳ್ಳೆಣ್ಣೆ ಹಾಕಿ ಕಲಸಿ, ಕರಿದು, ಶುಂಠಿ ಹಾಕಿದ ಜೇನಿನಲ್ಲಿ ನೆನೆಸಿದ್ದು. ನಮ್ಮ ಬಾದುಷಾದ ತಂಗಿಯಂತಿತ್ತು.

"ಇದು ಯಾಕ್‌ಗ್ವಾ" ಎಂದರು ಸುನ್‌ಹಿ. "ಯಾಕ್ ಅಂದರೆ ಔಷಧಿ. ಹಿಂದೆ ನಮ್ಮವರು ಜೇನನ್ನು ಔಷಧಿ ಅಂತಿದ್ದರು."

ಇವರ ಮುಖ ಅರಳಿತು. ಔಷಧಿಯ ಮೊದಲ ಡೋಸು ಅಲ್ಲೇ ಇಳಿಯಿತು, ಫಂಜಾ ಊರು ದಾಟುವಷ್ಟರಲ್ಲಿ ಮೂರನೆಯದೂ ಆಯಿತು. "ಡೋನಟಿನಲ್ಲಿ ಬರೀ ಮೈದಾ, ಸಕ್ಕರೆ, ಬಣ್ಣ. ಇದರಲ್ಲಿ ನೋಡು, ಜೇನು ಉಂಟು, ಶುಂಠಿ ಉಂಟು, ಎಳ್ಳು ಉಂಟು" ಎಂದು ಮಗಳಿಗೆ ಪಾಠ ಮಾಡಿದರು.

"ಬೋತ್ ಆರ್ ಫ್ರೈಡ್, ಪಪ್ಪಾ" ಎಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ.

ಬಿರ್ಕತ್ ಅಲ್ ಮೌಜ್‌ನಲ್ಲಿ ಪೊಲೀಸರು ಗಾಡಿ ನೋಡಿ ಬಿಟ್ಟರು. ಅಲ್ಲಿಂದ ಏರು ಶುರು. ತಿರುವು ಮುಗಿದರೆ ಇನ್ನೊಂದು ತಿರುವು. ಅರ್ಧ ದಾರಿಯಲ್ಲಿ ಅನ್ವಿತಾ ಗಾಡಿ ನಿಲ್ಲಿಸಲು ಹೇಳಿ ಡೋನಟ್, ಚಿಪ್ಸ್ ಎರಡನ್ನೂ ಬೆಟ್ಟಕ್ಕೆ ಒಪ್ಪಿಸಿದಳು. ನಾನು ಬೆನ್ನು ನೀವುತ್ತಿದ್ದರೆ ಇವರು ಹಿಂದಿನಿಂದ, "ವೆಸ್ಟರ್ನ್ ಸ್ನ್ಯಾಕ್ಸ್ ಅಂದರೆ ಹೀಗೇ" ಎಂದರು. ಗೆದ್ದವರ ಧ್ವನಿ.

ಮೇಲೆ ಗಾಳಿ ತಂಪಾಗಿತ್ತು. ಮಸ್ಕತ್ತಿನ ಸೆಪ್ಟೆಂಬರ್ ನೆನಪೇ ಹೋಯಿತು. ಮೆಟ್ಟಿಲು ಗದ್ದೆಗಳಲ್ಲಿ ದಾಳಿಂಬೆ ಕೆಂಪಗೆ ತೂಗುತ್ತಿತ್ತು. ತೋಟದ ಯಜಮಾನ ಸಾಲಿಂ ಚಾಚಾ, ಬಿಳಿ ಗಡ್ಡದವರು, ನಮ್ಮನ್ನು ಮನೆಗೇ ಕರೆದು ಚಾಪೆ ಹಾಸಿ ಕಹ್ವಾ ಕಾಫಿ, ಖರ್ಜೂರ ಇಟ್ಟರು. ಒಳ್ಳೆಯ ಹಿಂದಿ ಮಾತಾಡುತ್ತಿದ್ದರು.

ನಾನು ಮೀಟರು ತೆಗೆದೆ. ಇವರ ಅಂಕೆ ಮನೆಯಲ್ಲಿ ಎಂದೂ ಕಾಣದಷ್ಟು ಮೇಲಿತ್ತು. "ಬೆರಳಿಗೆ ಜೇನು ಅಂಟಿರಬೇಕು" ಎಂದರು. ಸಾಬೂನು ಹಾಕಿ ತೊಳೆಸಿದೆ. ಸ್ವಲ್ಪ ಇಳಿಯಿತು, ಆದರೆ ಮಾನ ಉಳಿಯುವಷ್ಟು ಇಳಿಯಲಿಲ್ಲ. ಸುನ್‌ಹಿ ಮೆಲ್ಲನೆ ಡಬ್ಬಿ ಮುಚ್ಚಿದರು. "ಹೆಸರು ಔಷಧಿ. ನಾವು ಹಬ್ಬಕ್ಕೆ ಒಂದು ತಿನ್ನುತ್ತೇವೆ" ಎಂದರು.

ಸಾಲಿಂ ಚಾಚಾಗೆ ಇದೆಲ್ಲ ಬಹಳ ತಮಾಷೆಯಾಗಿ ಕಂಡಿತು. ತಮ್ಮ ಬೆರಳನ್ನೂ ಚಾಚಿದರು. "ಖರ್ಜೂರದಿಂದ ಯಾರಿಗೂ ಏನೂ ಆಗುವುದಿಲ್ಲ, ನನ್ನದು ನೋಡಿ." ಕೈ ತೊಳೆಸಿಯೇ ನೋಡಿದೆ. ಇವರದಕ್ಕಿಂತ ಎಷ್ಟೋ ಹೆಚ್ಚು. ಮೀಟರಿಗೆ ಹೊಸ ಪಟ್ಟಿ ಹಾಕಿ ಮತ್ತೆ ನೋಡಿದೆ, ಅಷ್ಟೇ. ಅವರು ನಗು ನಿಲ್ಲಿಸಿ, ಈಚೆಗೆ ಬಾಯಾರಿಕೆ ಬಹಳ, ಕಣ್ಣೂ ಮಂಜು ಎಂದರು. ಒಳಗಿನಿಂದ ಅವರ ಹೆಂಡತಿ ಅರಬ್ಬಿಯಲ್ಲಿ ಏನೋ ಹೇಳಿದರು, ಕೊನೆಯ "ಯಲ್ಲಾ", ಹೊರಡಿ ಎಂಬುದು ಮಾತ್ರ ನನಗೆ ತಿಳಿಯಿತು. ಪಾಕ್ ಆಗಲೇ ಗಾಡಿ ಶುರು ಮಾಡಿದ್ದರು.

ಬೆಟ್ಟದ ಮೇಲಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಲಯಾಳಿ ನರ್ಸ್ ರಕ್ತ ತೆಗೆದರು, ಡಾಕ್ಟರು ನೋಡಿದರು. ಸದ್ಯ ಅಪಾಯವಿಲ್ಲ, ಆದರೆ ಇಂದಿನಿಂದಲೇ ಮಾತ್ರೆ ಎಂದರು. ಚಾಚಾ ತಲೆ ಅಲ್ಲಾಡಿಸಿದರು. "ನನಗೇನೂ ಇಲ್ಲ. ಬೆಳಿಗ್ಗೆ ನೆಂಟರು ಬಂದಿದ್ದರು, ಹಲ್ವಾ ತಿಂದೆ, ಅಷ್ಟೇ."

ನಾನು ಗಂಡನ ಕಡೆ ನೋಡಿದೆ. ಇವರು ಮೇಲೆ ಫ್ಯಾನು ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಚಾಚಾ ಪಕ್ಕ ಕೂತರು.

"ಗೋಲಿ ಖಾ ಲೋ, ಚಾಚಾ, ಮಾತ್ರೆ ತಗೊಳ್ಳಿ. ಕಣ್ಣು ಹೋದರೆ ತೋಟ ಯಾರು ನೋಡುವುದು?"

"ನೀನು ತಗೊಳ್ತೀಯಾ?"

ನರ್ಸ್, ಡಾಕ್ಟರು, ಪಾಕ್ ದಂಪತಿ, ಚಾಚಾನ ಹೆಂಡತಿ, ಅನ್ವಿತಾ, ಎಲ್ಲರೂ ಇವರ ಕಡೆ ತಿರುಗಿದರು.

"ಆಜ್ ರಾತ್ ಸೆ, ಇವತ್ತು ರಾತ್ರಿಯಿಂದಲೇ" ಎಂದರು ಇವರು.

ಮುದುಕರು ಕೈ ಮುಂದೆ ಚಾಚಿದರು. ಇಬ್ಬರೂ ದೊಡ್ಡ ವ್ಯಾಪಾರ ಕುದುರಿದವರಂತೆ ಗಂಭೀರವಾಗಿ ಕೈ ಕುಲುಕಿದರು.

ಇಳಿಯುವ ಮೊದಲು ಅವರನ್ನು ಮನೆಗೆ ಬಿಟ್ಟೆವು. ಚಾಚಾಗೆ ಕಾಯಿಲೆಗಿಂತ, ಅತಿಥಿಗಳಿಗೆ ಸಿಹಿ ಕೊಡುವಂತಿಲ್ಲ ಎಂಬುದೇ ದೊಡ್ಡ ಸಂಕಟವಾಗಿತ್ತು. ಅವರ ಹೆಂಡತಿ ಒಳಗೆ ಹೋಗಿ ಎಲ್ಲರಿಗೂ ಮಜ್ಜಿಗೆ ತಂದರು. ಇವರು ಒಂದು ಗುಟುಕು ಕುಡಿದು ನನ್ನ ಕಿವಿಯ ಬಳಿ ಬಾಗಿದರು.

"ಉಪ್ಪು ಜೋರುಂಟು ಮಾರಾಯ್ತಿ. ಬಿಪಿ ನೋಡುವ ಮಿಷನ್ ತರಲಿಲ್ಲ ಅಲ್ಲ?"