ಅವರು ಮಾಡದ ಸ್ಲೈಡರ್

ಹೋದ ತಿಂಗಳು ಚಿತ್ರದುರ್ಗದಲ್ಲಿ ಬೈಕ್ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಹೊಳಲ್ಕೆರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದ ತಮ್ಮನ ಮಗಳು ಹೊಸ ಬೈಕ್ ತಗೊಂಡಿದ್ದಳು. ಅದಕ್ಕೆ ಸ್ಲೈಡರ್ ಆರಿಸಬೇಕಿತ್ತು. ಗಾಡಿ ಬಿದ್ದರೆ ಎಂಜಿನ್ನೂ ಕಾಲೂ ನೆಲಕ್ಕೆ ಸಿಕ್ಕದಿರಲೆಂದು ಎರಡೂ ಬದಿಗೆ ಬಿಗಿಯುವ ನೈಲಾನಿನ ಗುಂಡುತುಂಡು ಅದು. ಅಂಗಡಿಯವರು ಯಾರದೋ ಗಾಡಿಗೆ ಕೂರಿಸಲೆಂದು ಒಂದರ ತೂತು ದೊಡ್ಡದು ಮಾಡುತ್ತಿದ್ದರು. ಕಾದ ನೈಲಾನಿನ ವಾಸನೆ ಮೂಗಿಗೆ ಬಡಿಯಿತು...

"ದೊಡ್ಡಪ್ಪ, ಲೇತಲ್ಲಿ ಕಡೆದಿದ್ದು ಮಾತ್ರ ಬ್ಯಾಡ ಅಂತ ಅಪ್ಪ ಹೇಳೈತೆ" ಅಂದಳು ಅವಳು.

ನಾನು ಕೈಯಲ್ಲಿದ್ದ ಸ್ಲೈಡರನ್ನು ಕೌಂಟರಿನ ಮೇಲೆ ಇಟ್ಟುಬಿಟ್ಟೆ.

ಹಿರಿಯೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಕಬ್ಬಿಣ, ನೈಲಾನು ಕಡೆಯುವ ಒಂದು ಲೇತ್ ಶೆಡ್ಡು ಇತ್ತು. ಅದರ ಯಜಮಾನರನ್ನು ನಾವೆಲ್ಲ ಲೇತಿನಣ್ಣ ಎನ್ನುತ್ತಿದ್ದೆವು. ಬೋರ್‌ವೆಲ್ ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು ಅವರ ಹೊಟ್ಟೆಪಾಡಿನ ಕೆಲಸ. ಸ್ಲೈಡರ್ ಮಾಡುವುದು ಮಾತ್ರ ಅವರಿಗೆ ಪ್ರೀತಿಯ ಕೆಲಸವಾಗಿತ್ತು. ಗಾಡಿ ನೋಡದೆ ಮಾಡುತ್ತಿರಲಿಲ್ಲ. ನೆಲಕ್ಕೆ ಕೂತು, ಎಂಜಿನ್ ಚಾಸಿಗೆ ಸೇರುವ ಜಾಗವನ್ನು ಬೆರಳಿನಿಂದ ಸವರಿ, ಆಮೇಲೆ ಅಳತೆ ತೆಗೆಯುತ್ತಿದ್ದರು. ಬೋಲ್ಟಿನ ತಲೆ ನೈಲಾನಿನೊಳಗೆ ಆಳವಾಗಿ ಹುದುಗಿರಬೇಕು, ಇಲ್ಲದಿದ್ದರೆ ಟಾರಿಗೆ ಸಿಕ್ಕಿ ಗಾಡಿ ಮಗುಚುತ್ತದೆ ಎನ್ನುತ್ತಿದ್ದರು. "ಥಳಥಳ ಅನ್ನೋದನ್ನ ನೋಡಬ್ಯಾಡ್ರಿ, ಬೋಲ್ಟ್ ನೋಡ್ರಿ" ಎಂಬುದು ಬಂದವರಿಗೆಲ್ಲ ಅವರು ಹೇಳುತ್ತಿದ್ದ ಮಾತು.

ನನ್ನ ತಮ್ಮನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ, ಮೀನಿನ ವ್ಯಾಪಾರ ಮಾಡುತ್ತಿದ್ದ. ದಿನಾ ಬೆಳಗ್ಗೆ ಮಾರಿಕಣಿವೆ ಡ್ಯಾಮಿನಿಂದ ಬೈಕಿನ ಹಿಂದೆ ಎರಡು ಕ್ರೇಟು ಕಟ್ಟಿಕೊಂಡು ಬರುತ್ತಿದ್ದ. ಭಾರದ ಗಾಡಿ, ತಿರುವಿನ ದಾರಿ. ತನಗೆ ಲೇತಿನಣ್ಣ ಮಾಡಿದ ಸ್ಲೈಡರೇ ಬೇಕೆಂದು ಹಟ ಹಿಡಿದ. ಅವನಿಗೆ ಪುರುಸೊತ್ತಿರಲಿಲ್ಲವಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಲೇತಿನಣ್ಣ, "ಗಾಡಿ ತಂದು ಒಂದಿನ ಬಿಡಪ್ಪ, ಅಳತೆ ತಗೀಬೇಕು" ಅಂದರು. ಎರಡು ಸಲ ಹೋದೆ, ಎರಡು ಸಲವೂ ಗಾಡಿ ಇಲ್ಲದೆ ಹೋದೆ. ಮೂರನೇ ಸಲ ಶೆಡ್ಡಿಗೆಂದು ತಮ್ಮನಿಂದ ಗಾಡಿ ಇಸಕೊಂಡರೂ, ಒಂದಿನ ಬಿಟ್ಟು ಕಾಯಲು ಬೇಸರವಾಯಿತು. ಹೈವೇ ಪಕ್ಕದಲ್ಲಿ ಹೆಲ್ಮೆಟ್ಟು ಮಾರುವವನ ಹತ್ತಿರ ಕಪ್ಪು ಸ್ಲೈಡರ್ ಜೊತೆಯೊಂದು ಕಂಡಿತು. ತಂದು ಬಿಗಿಸಿದೆ. ಕಣ್ಣಿಗೆ ಎಲ್ಲವೂ ಒಂದೇ ಥರ.

"ಲೇತಿನಣ್ಣಂದೇನಾ?" ಎಂದು ತಮ್ಮ ಕೇಳಿದ.

"ಹೂಂ, ಅವರದೇ" ಅಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು.

ಎರಡು ತಿಂಗಳಾಗಿರಬೇಕು. ತಿರುವೊಂದರ ಜಲ್ಲಿಯ ಮೇಲೆ ಅವನ ಗಾಡಿ ಜಾರಿತು. ನೆಲಕ್ಕೆ ತಾಗಿದ್ದೇ ತಡ ಬೋಲ್ಟು ಕತ್ತರಿಸಿಹೋಯಿತು. ಎಂಜಿನ್ ಅವನ ಎಡಗಾಲಿನ ಮೇಲೆ ಬಿತ್ತು. ಹಾಗೇ ಎಳೆದುಕೊಂಡು ಹೋಯಿತು. ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಲೇತಿನಣ್ಣ ನೋಡಲು ಬಂದರು. ಅಮ್ಮ ಮಾತಾಡಿಸಲಿಲ್ಲ. ತಮ್ಮ ಮಂಚದ ಕೆಳಗಿದ್ದ ಮುರಿದ ಸ್ಲೈಡರನ್ನು ಎತ್ತಿ ಅವರ ಮುಂದೆ ಎಸೆದ. "ನಿಮ್ಮನ್ನ ನಂಬಿದ್ನಲ್ಲ, ಅದಕ್ಕೆ ಇದು" ಅಂದ.

ಅವರು ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಬೋಲ್ಟಿನ ತಲೆ ಇದ್ದ ಜಾಗಕ್ಕೆ ಹೆಬ್ಬೆರಳು ಇಟ್ಟರು. ತಾವು ಮಾಡಿದ ಕೆಲಸ ಯಾವುದು, ಅಲ್ಲದ್ದು ಯಾವುದು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಲೆ ಎತ್ತಿ ನನ್ನ ಕಡೆ ನೋಡಿದರು.

"ಬೋಲ್ಟ್ ಸರಿ ಬಿದ್ದಿಲ್ಲ ಕಣಪ್ಪ. ತಪ್ಪಾತು" ಅಂದರು ಅವನಿಗೆ.

ಅವರು ಹೊರಟಾಗ ಹಿಂದೆಯೇ ಬೀದಿಗೆ ಓಡಿದೆ. ಏನು ಹೇಳಲು ಹೋಗಿದ್ದೆನೋ ಗೊತ್ತಿಲ್ಲ. ಅವರೇ ತಡೆದರು. "ಈಗ ಸುಮ್ನಿರು. ಅವನ್ನ ಕಕ್ಕಸಿಗೆ ಕರ್ಕಂಡು ಹೋಗಾದೂ ನೀನೇ, ಡ್ರೆಸ್ಸಿಂಗಿಗೆ ಕರ್ಕಂಡು ಹೋಗಾದೂ ನೀನೇ. ನಿನ್ ಮ್ಯಾಲೆ ಸಿಟ್ಟಾದ್ರೆ ಅವನಿಗೆ ಯಾರವ್ರೆ? ಎದ್ದು ಓಡಾಡಂಗಾಗ್ಲಿ, ಆಮೇಲೆ ಹೇಳೀಯಂತೆ."

ತಮ್ಮ ಕೃತಕ ಕಾಲು ಕಟ್ಟಿಕೊಂಡು ಓಡಾಡುವಂತಾದ. ಮೀನಿನ ಅಂಗಡಿಯನ್ನೂ ಇಟ್ಟ. ಬಂದ ಗಿರಾಕಿಗಳಿಗೆಲ್ಲ ತನ್ನ ಕಾಲು ತೋರಿಸಿ ಲೇತಿನಣ್ಣನನ್ನು ಬೈಯುತ್ತಿದ್ದ. ಶೆಡ್ಡಿಗೆ ಬೈಕಿನವರು ಬರುವುದು ನಿಂತಿತು, ಆಮೇಲೆ ಪಂಪಿನವರೂ ಕಡಿಮೆಯಾದರು. ನಾನು ಆ ಕಡೆಯ ದಾರಿಯನ್ನೇ ಬಿಟ್ಟೆ. ಇವತ್ತು ಹೇಳುತ್ತೇನೆ, ಹಬ್ಬ ಕಳೆಯಲಿ, ಅಮ್ಮನ ಆರೋಗ್ಯ ಸುಧಾರಿಸಲಿ... ಹೀಗೇ ನಾಲ್ಕು ವರ್ಷ ಹೋಯಿತು. ಒಂದು ದಿನ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಮಲಗಿದಲ್ಲೇ ಹೋಗಿದ್ದರಂತೆ. ಅವರ ಹೆಂಡತಿ ಹೊಸದುರ್ಗದ ಮಗಳ ಮನೆ ಸೇರಿದರು.

ಚಿತ್ರದುರ್ಗದಿಂದ ಬಂದ ದಿನ ಸಂಜೆ, ಅಷ್ಟು ವರ್ಷಗಳ ಮೇಲೆ, ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ಕಟ್ಟಿಕೊಂಡ ಕಾಲನ್ನು ಬಿಚ್ಚಿ ಪಕ್ಕಕ್ಕೆ ಇಟ್ಟ. "ಕಾಲು ಹೋಗ್ಲಿ ಬಿಡು. ಊರ್ ತುಂಬ ಆ ಮನುಷ್ಯನ್ನ ಬೈಕಂಡು ತಿರುಗಿದ್ನಲ್ಲಣ್ಣ... ನೀನು ಪಕ್ಕದಾಗೇ ಕುಂತು ಕೇಳ್ತಿದ್ದೆ" ಅಂದ.

ಮಾರನೇ ದಿನ ಲೇತಿನಣ್ಣನ ಹೆಂಡತಿಯನ್ನು ನೋಡಲು ಒಬ್ಬನೇ ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋದ. ನಾನೂ ಬರುತ್ತೇನೆಂದರೆ ಬೇಡವೆಂದ. ಅವನು ಬಂದ ನಾಲ್ಕನೇ ದಿನ, ಅಲ್ಲೇನಾಯಿತೆಂದು ನಾನೇ ಕೇಳಿದೆ.

"ಆಯಮ್ಮಂಗೆ ಎಲ್ಲ ಗೊತ್ತಿತ್ತು" ಅಂದ. "ನಿಜ ಹೇಳಿ ನೀನು ತನ್ನ ಹತ್ರ ಬಂದೇ ಬರ್ತೀಯ ಅಂತ ಲೇತಿನಣ್ಣ ಕೊನೇತಂಕ ಹೇಳ್ತಿದ್ರಂತೆ."

ಇಷ್ಟು ಹೇಳಿ ಒಳಗೆ ಹೋದ. ಈಗಲೂ ನನ್ನೊಂದಿಗೆ ಅವನದು ಬೇಕಾದಷ್ಟೇ ಮಾತು. ಲೇತಿನಣ್ಣ ತೀರಿಕೊಂಡ ದಿನ ನಾನು ಊರಲ್ಲೇ ಇದ್ದೆ. ಮಣ್ಣಿಗೆ ಹೋಗಿರಲಿಲ್ಲ.